ಪರಂಗಿ ದಂಟಿನ ಸೀಮೆಸುಣ್ಣ

ನಮ್ಮ ಮನೆಗೆ ಮೊದಲ ಸಲ ಬಂದವರೆಲ್ಲ ಹಾಲ್‌ನ ಷೋಕೇಸಿನ ಮುಂದೆ ನಿಂತುಬಿಡುತ್ತಿದ್ದರು. ಬೇರೆಯವರ ಮನೆಯ ಷೋಕೇಸಿನಲ್ಲಿ ಪಿಂಗಾಣಿ ಬಾತುಕೋಳಿ, ಗಂಧದ ಆನೆ, ಪ್ಲಾಸ್ಟಿಕ್ ಹೂವಿನ ಕುಂಡ ಇರುತ್ತಿದ್ದರೆ ನಮ್ಮದರಲ್ಲಿ ದವಡೆಗಳಿದ್ದವು. ಮೇಲ್ದವಡೆ, ಕೆಳದವಡೆ, ಹಲ್ಲೆಲ್ಲ ಉದುರಿದ ಬೋಳು ದವಡೆ, ಒಂದೇ ಒಂದು ಕೋರೆಹಲ್ಲು ಉಳಿದ ಹಟಮಾರಿ ದವಡೆ, ಎಲ್ಲವೂ ಬೆಳ್ಳಗೆ ಸಾಲಾಗಿ ಕೂತು ಬಂದವರನ್ನು ನೋಡಿ ನಗುತ್ತಿದ್ದವು. ಅಪ್ಪ ಜಯನಗರದ ಒಂದು ಸಣ್ಣ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವ ಕೆಲಸದಲ್ಲಿದ್ದ. ಡಾಕ್ಟರುಗಳು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸಿದರೆ, ಅದರೊಳಗೆ ಪ್ಲಾಸ್ಟರ್ ಕಲಸಿ ಹುಯ್ದು, ಗಟ್ಟಿಯಾದ ಮೇಲೆ ಬಿಡಿಸಿ, ಆ ದವಡೆಯ ಮೇಲೆ ಹಲ್ಲು ಕೂರಿಸಬೇಕು. ಕೆಲಸ ಮುಗಿದ ಮೇಲೆ ಲ್ಯಾಬಿನವರು ದವಡೆಗಳನ್ನು ಎಸೆಯುತ್ತಿದ್ದರು. ಅಪ್ಪನಿಗೆ ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಚೆನ್ನಾಗಿ ಬಂದದ್ದನ್ನು ಕರ್ಚೀಫಿನಲ್ಲಿ ಸುತ್ತಿ ತರುತ್ತಿದ್ದ. ಅವನ ಷರ್ಟಿನ ತೋಳು, ಹುಬ್ಬು, ಸೈಕಲ್ಲಿನ ಸೀಟು ಎಲ್ಲದರ ಮೇಲೂ ಬಿಳಿ ಪುಡಿ. ಇವರದ್ದು ಹಿಟ್ಟಿನ ಗಿರಣಿ ಅಂತ ಕತ್ರಿಗುಪ್ಪೆಯ ನಮ್ಮ ಬೀದಿಗೆ ಹೊಸದಾಗಿ ಬಂದವರು ತಿಳಿದುಕೊಳ್ಳುತ್ತಿದ್ದರು.

ಬಾಡಿಗೆ ಮನೆ. ಹಾಲು, ಒಂದು ರೂಮು, ಹೊಗೆಯಿಂದ ಕಪ್ಪಾದ ಅಡುಗೆಮನೆ, ಮುಂದೆ ಕಬ್ಬಿಣದ ಜಾಲರಿ ಹಾಕಿದ ವರಾಂಡ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಆ ಕಲ್ಲಿನ ಆಚೆಗೆ ಮನೆಗಳೇ ಇರಲಿಲ್ಲ. ಖಾಲಿ ಸೈಟುಗಳು, ಅದರ ತುಂಬ ಕಳೆ, ನಡುನಡುವೆ ಯಾರೂ ನೆಡದೆ ತಾವೇ ಹುಟ್ಟಿಕೊಂಡ ಪರಂಗಿ ಗಿಡಗಳು. ರೂಮು ಅಜ್ಜಿಯದು. ಅಪ್ಪನ ತಾಯಿ. ಅವಳ ಹಲ್ಲಿನ ಸೆಟ್ಟನ್ನು ಅಪ್ಪನೇ ತುಂಬ ಪ್ರೀತಿಯಿಂದ ಮಾಡಿಕೊಟ್ಟಿದ್ದ. ಅದು ಅವಳ ಕೈಗೆ ಸಿಕ್ಕ ಅಸ್ತ್ರವಾಗಿಬಿಟ್ಟಿತ್ತು. ಮನೆಯವರ ಮೇಲೆ ಸಿಟ್ಟು ಬಂದರೆ ಸೆಟ್ಟು ತೆಗೆದು ನೀರಿನ ಲೋಟದಲ್ಲಿ ಹಾಕಿ, ಆ ಲೋಟವನ್ನು ಎಲ್ಲರಿಗೂ ಕಾಣುವ ಹಾಗೆ ಹಾಲಿನ ಕಿಟಕಿಯ ಮೇಲೆ ಇಟ್ಟು, ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ಮಾತಿಲ್ಲ, ಊಟವಿಲ್ಲ, ಬರೀ ಗಂಜಿ. ನಾನು ಸ್ಕೂಲಿನಿಂದ ಬಂದ ತಕ್ಷಣ ಮೊದಲು ಕಿಟಕಿ ನೋಡುತ್ತಿದ್ದೆ. ಅಲ್ಲಿ ಲೋಟ ಇದ್ದರೆ ಸದ್ದಿಲ್ಲದೆ ಹಿತ್ತಲಿಗೆ ಹೋಗುತ್ತಿದ್ದೆ.

ಅಮ್ಮ ಇಟ್ಟಮಡುವಿನ ಕಡೆಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ಟೀಚರು. ನಾನು ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಬೆಳಿಗ್ಗೆ ಉಪ್ಪಿಟ್ಟು ತಿಂದು ಇಬ್ಬರೂ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ಶಾಲೆಯ ಗೇಟು ದಾಟುವವರೆಗೆ ಅವಳು ಅಮ್ಮ, ಆಮೇಲೆ ಟೀಚರ್. ಹೆಂಚಿನ ಎರಡು ರೂಮು, ಪಕ್ಕದಲ್ಲಿ ಒಂದು ಶೀಟಿನ ಕೊಠಡಿ. ಒಂದೇ ರೂಮಿನಲ್ಲಿ ಎರಡು ಕ್ಲಾಸಿನವರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಅವರು ಮಗ್ಗಿ ಹೇಳಿದರೆ ನಾವು ಪದ್ಯ ಹೇಳುತ್ತಿದ್ದೆವು, ಯಾರ ದನಿ ಜೋರೋ ಅವರ ಪಾಠ ನಡೆಯುತ್ತಿತ್ತು. ಗೋಡೆಗೆ ಸಿಮೆಂಟು ಬಳಿದು ಕಪ್ಪು ಹಚ್ಚಿದ್ದೇ ಬೋರ್ಡು. ಆ ಕಪ್ಪು ಯಾವ ಕಾಲದಲ್ಲಿ ಹಚ್ಚಿದ್ದೋ, ಉಜ್ಜಿ ಉಜ್ಜಿ ಬೂದಿಯ ಬಣ್ಣಕ್ಕೆ ಬಂದಿತ್ತು. ಅರ್ಧ ಮಕ್ಕಳ ಹತ್ತಿರ ಸ್ಲೇಟಿಲ್ಲ, ಸ್ಲೇಟಿದ್ದವರ ಹತ್ತಿರ ಬಳಪ ಇಲ್ಲ. ನೆಲವೇ ಸ್ಲೇಟು, ಬೆರಳೇ ಬಳಪ. ಬೇರೆ ಶಾಲೆಗಳಲ್ಲಿ ಭೂಪಟ, ಗ್ಲೋಬು, ಡಸ್ಟರು ಇರುತ್ತವೆ ಎಂದು ನನಗೆ ಗೊತ್ತಿತ್ತು, ಪುಸ್ತಕದ ಚಿತ್ರಗಳಲ್ಲಿ ನೋಡಿದ್ದೆ. ನಮ್ಮಲ್ಲಿ ಡಸ್ಟರು ಅಂದರೆ ಅಮ್ಮನ ಹಳೆಯ ಸೀರೆಯ ಅಂಚಿನ ಉಂಡೆ.

ಆ ವರ್ಷ ದಸರಾ ರಜೆ ಮುಗಿದು ಬಂದಾಗ ಸೀಮೆಸುಣ್ಣವೂ ಮುಗಿದಿತ್ತು. ಹೆಡ್‌ಮಾಸ್ಟರು ಒಳ್ಳೆಯವರು, ಆದರೆ ತುಂಬ ಪುಕ್ಕಲು. ಬೀರುವಿನ ಬಾಗಿಲು ತೆಗೆದು ಖಾಲಿ ಡಬ್ಬ ತೋರಿಸಿದರು.

"ಮೇಲಿಂದ ಬಂದಿಲ್ಲ ಮೇಡಂ. ಬಂದ ತಕ್ಷಣ ನಿಮಗೇ ಮೊದಲು ಕೊಡ್ತೀನಿ."

"ಯಾವಾಗ ಬರುತ್ತೆ ಸಾರ್?"

"ಅದನ್ನ ಕೇಳೋಕೆ ಹೋದ್ರೆ, ಇನ್ನೂ ಏನೇನು ಇಲ್ಲ ಅಂತ ಅವ್ರೇ ಕೇಳ್ತಾರೆ. ಸುಮ್ನಿರೋದು ವಾಸಿ."

ಅವರ ಹೆದರಿಕೆಗೆ ಕಾರಣ ಇತ್ತು. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಮುಚ್ಚಿ ದೂರದ ದೊಡ್ಡ ಶಾಲೆಗೆ ಸೇರಿಸುತ್ತಾರೆ, ನಮ್ಮದನ್ನು ನೋಡಲು ಇನ್ಸ್‌ಪೆಕ್ಟರ್ ಸಾಹೇಬರು ಯಾವತ್ತಾದರೂ ಬರಬಹುದು ಎಂಬ ಸುದ್ದಿ ಹಬ್ಬಿತ್ತು. ಸುತ್ತಮುತ್ತ ಏಳುತ್ತಿದ್ದ ಕಟ್ಟಡಗಳಲ್ಲಿ ಗಾರೆ ಕೆಲಸಕ್ಕೆ ರಾಯಚೂರು, ಗುಲ್ಬರ್ಗದ ಕಡೆಯಿಂದ ಬಂದವರ ಮಕ್ಕಳೇ ನಮ್ಮ ಶಾಲೆಯ ತುಂಬ. ಅವರ ತಂದೆ ತಾಯಿ ಅಷ್ಟು ದೂರ ಕಳಿಸುವವರಲ್ಲ. ಅಮ್ಮ ಕೆಲವು ದಿನ ಇಟ್ಟಿಗೆ ಚೂರಿನಲ್ಲಿ ಬರೆದಳು, ಇದ್ದಿಲಿನಲ್ಲಿ ಬರೆದಳು. ಬೂದಿ ಬೋರ್ಡಿನ ಮೇಲೆ ಯಾವುದೂ ಕಾಣಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನನ್ನ ಪಕ್ಕ ಕೂರುತ್ತಿದ್ದ ನಾಗವೇಣಿಯೂ ಬರಲಿಲ್ಲ. ಅಮ್ಮ ಅವಳಿದ್ದ ಕಟ್ಟಡಕ್ಕೆ ಹುಡುಕಿಕೊಂಡು ಹೋದಾಗ ನಾನೂ ಜೊತೆಗಿದ್ದೆ. ಮರಳಿನ ಗುಡ್ಡೆಯ ಮೇಲೆ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಅವಳು ನಿಂತಿದ್ದಳು. ಅವಳಪ್ಪ ಮೇಲಿನ ಅಂತಸ್ತಿನಿಂದಲೇ ಕೂಗಿ ಹೇಳಿದ:

"ಅಲ್ಲಿ ಬರಿಯಾಕ ಏನೂ ಇಲ್ಲಂತಲ್ರಿ ಟೀಚರ್. ಸುಮ್ನ ಕುಂತು ಬರಾದು ಯಾಕ? ಇಲ್ಲೇ ಕೂಸು ಹಿಡ್ಕೊಂಡಿರ್ಲಿ."

ಅಮ್ಮ ನನ್ನ ಕೈ ಹಿಡಿದು ಮನೆಯ ಕಡೆ ತಿರುಗಿದಳು. ಮನೆಗೆ ಬಂದವಳು ಚಪ್ಪಲಿ ಬಿಡುತ್ತಾ ಷೋಕೇಸಿನ ಕಡೆ ತಿರುಗಿ ನಿಂತಳು. ದವಡೆಗಳನ್ನು ಅವಳು ವರ್ಷಗಟ್ಟಲೆ ಒರೆಸಿದ್ದಳು, ಬೈದಿದ್ದಳು, ಆದರೆ ಅವತ್ತಿನ ಹಾಗೆ ಯಾವತ್ತೂ ನೋಡಿರಲಿಲ್ಲ. ಒಂದು ಬೋಳು ದವಡೆಯನ್ನು ತೆಗೆದುಕೊಂಡು ಕೆಂಪು ನೆಲದ ಮೇಲೆ ಗೀಚಿದಳು. ಬಿಳಿ ಗೆರೆ ಬಿತ್ತು.

"ರೀ, ಇದು ಯಾವುದರಲ್ಲಿ ಮಾಡೋದು?"

"ಪ್ಲಾಸ್ಟರಲ್ಲಿ ಕಣೇ. ಗೊತ್ತಲ್ಲ ನಿಂಗೆ."

"ಸೀಮೆಸುಣ್ಣ ಯಾವುದರಲ್ಲಿ ಮಾಡ್ತಾರೆ?"

ಅಪ್ಪ ಸಾರನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ. ಅಮ್ಮನ ಮುಖ ನೋಡಿದ, ದವಡೆ ನೋಡಿದ, ನೆಲದ ಗೆರೆ ನೋಡಿದ. ಆಮೇಲೆ ಅವನ ಮುಖದ ಮೇಲೆ ಮೂಡಿದ ಆ ನಗು! ಹಬ್ಬದ ದಿನ ಪಟಾಕಿ ಡಬ್ಬಿ ತೆಗೆಯುವ ಹುಡುಗನ ಮುಖದಲ್ಲೂ ನಾನು ಅಂಥ ನಗು ಕಂಡಿಲ್ಲ.

"ಅಯ್ಯೋ ಶಾರದಾ! ಅದೂ ಪ್ಲಾಸ್ಟರೇ ಅಲ್ವೇನೇ!"

ಲ್ಯಾಬಿನಲ್ಲಿ ಗಾಳಿಯಾಡಿ ಕೆಟ್ಟ ಪ್ಲಾಸ್ಟರಿನ ಚೀಲಗಳು ಮೂಲೆಗೆ ಬಿದ್ದಿರುತ್ತಿದ್ದವು. ಹಲ್ಲಿನ ಅಚ್ಚಿಗೆ ಅವು ಬಾರವು. ಅಪ್ಪ ಕೇಳಿದ ಕೂಡಲೇ ಲ್ಯಾಬಿನ ಯಜಮಾನರು ಜಾಗ ಖಾಲಿಯಾಯಿತೆಂದು ಸಂತೋಷದಿಂದ ಕೊಟ್ಟುಬಿಟ್ಟರು. ಮಾರನೆಯ ಸಂಜೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಚೀಲ ಬಂತು. ಈಗ ಪ್ರಶ್ನೆ ಅದನ್ನು ಕಡ್ಡಿಯ ಆಕಾರಕ್ಕೆ ತರುವುದು ಹೇಗೆ ಎಂಬುದು. ಕೈಯಲ್ಲಿ ಹೊಸೆದರೆ ಬೆರಳುಗಳ ನಡುವೆಯೇ ಗಟ್ಟಿಯಾಯಿತು. ಪೇಪರಿನ ಸುರುಳಿಯಲ್ಲಿ ಹುಯ್ದರೆ ಪೇಪರು ನೆನೆದು ಒಡೆಯಿತು. ಆಗ ಅಪ್ಪನ ಕಣ್ಣು ಅಡುಗೆಮನೆಯ ಮೇಲಿನ ಗೂಡಿಗೆ ಹೋಯಿತು. ಅಲ್ಲಿ ಅಜ್ಜಿಯ ಹಿತ್ತಾಳೆ ಚಕ್ಕುಲಿ ಒರಳು ಕೂತಿತ್ತು.

ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಳು. "ಬೇಡ ರೀ" ಅಂತ ಅಮ್ಮ ಒಂದು ಸಲ ಹೇಳಿದಳು, ಆದರೆ ಹೇಳುತ್ತಲೇ ಸ್ಟೂಲು ಎಳೆದುಕೊಟ್ಟಳು. ದೊಡ್ಡ ತೂತಿನ ಬಿಲ್ಲೆ ಹಾಕಿ, ಕಲಸಿದ ಪ್ಲಾಸ್ಟರು ತುಂಬಿ, ಅಪ್ಪ ಹಿಡಿ ಒತ್ತಿದ. ಒಂದು ಗೇಣು ಉದ್ದದ ಬಿಳಿ ಕಡ್ಡಿ ಹೊರಗೆ ಬಂತು! ನಾನು ಕುಣಿದೆ. ಅಮ್ಮ ಚಪ್ಪಾಳೆ ತಟ್ಟಿದಳು. ಎರಡನೆಯ ಸಲ ಒತ್ತುವಷ್ಟರಲ್ಲಿ ಹಿಡಿ ಅಲ್ಲಾಡಲಿಲ್ಲ. ಅಪ್ಪ ಮೊಣಕಾಲು ಊರಿ ಒತ್ತಿದ, ನಾವಿಬ್ಬರೂ ಅವನ ಬೆನ್ನ ಮೇಲೆ ಭಾರ ಹಾಕಿದೆವು. ಒಳಗಿನ ಪ್ಲಾಸ್ಟರು ಕಲ್ಲಾಗಿತ್ತು. ಹೊರಗೆ ಬಂದ ಕಡ್ಡಿಯೂ ಮುಟ್ಟಿದ ಕೂಡಲೇ ಮುರಿಯಿತು. ಅದೇ ಹೊತ್ತಿಗೆ ಗೇಟಿನ ಚಿಲಕದ ಸದ್ದಾಯಿತು.

"ಅದು ನಮ್ಮಮ್ಮ ನಂಗೆ ಮದುವೇಲಿ ಕೊಟ್ಟಿದ್ದು ಕಣೋ! ಹಲ್ಲು ಮಾಡೋ ಮಣ್ಣು ತುಂಬಿದ್ದೀಯಲ್ಲೋ ಅದಕ್ಕೆ! ಇನ್ಮೇಲೆ ಯಾರೋ ಸತ್ತೋರ ದವಡೆ ಚಕ್ಕುಲಿ ತಿನ್ನಬೇಕಾ ನಾನು?"

"ಅತ್ತೆ, ಮಕ್ಕಳಿಗೆ ಬರೆಯೋಕೆ..."

"ನಿಮ್ಮ ಸ್ಕೂಲಿಗೆ ಸರ್ಕಾರ ಇಲ್ವೇನೇ? ನನ್ನ ಒರಳೇ ಆಗಬೇಕಾ?"

ಅಜ್ಜಿ ರೂಮಿಗೆ ಹೋದಳು. ಸ್ವಲ್ಪ ಹೊತ್ತಿಗೆ ಲೋಟ ಹಿಡಿದು ಬಂದು ಕಿಟಕಿಯ ಮೇಲೆ ಟಣ್ಣನೆ ಇಟ್ಟಳು.

ಮುಂದಿನ ದಿನಗಳಲ್ಲಿ ಅಪ್ಪ ಲ್ಯಾಬಿನಿಂದ ಬಂದವನೇ ವರಾಂಡದಲ್ಲಿ ಚಾಪೆ ಹಾಸಿ, ಹಲ್ಲು ಕೆರೆಯುವ ಸಣ್ಣ ಸಣ್ಣ ಉಪಕರಣಗಳನ್ನು ಹರಡಿಕೊಂಡು ಚಕ್ಕುಲಿ ಒರಳಿನ ಮುಂದೆ ಕೂರುತ್ತಿದ್ದ. ಹುಳುಕು ಹಲ್ಲು ಬಿಡಿಸುವ ಹಾಗೆ ತೂತು ತೂತನ್ನೂ ಬಿಡಿಸಿದ. ಹುಣಸೆಹಣ್ಣು ಹಾಕಿ ತಿಕ್ಕಿದ. ಅಜ್ಜಿ ರೂಮಿನ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ನಾವು ತಿರುಗಿದರೆ ಗೋಡೆ ನೋಡುತ್ತಿದ್ದಳು. ಆ ಶನಿವಾರ ಶಾಲೆ ಬಿಟ್ಟ ಮೇಲೆ ಅಮ್ಮ ಕಟ್ಟಡಕ್ಕೆ ಹೋಗಿ, "ಮಧ್ಯಾಹ್ನ ಊಟಕ್ಕೆ ಕರ್ಕೊಂಡು ಹೋಗ್ತೀನಿ" ಎಂದು ನಾಗವೇಣಿಯನ್ನು ತಮ್ಮನ ಸಮೇತ ಮನೆಗೆ ಕರೆತಂದಳು. ಶನಿವಾರದ ಅರ್ಧ ದಿನದ ಕೆಲಸ ಮುಗಿಸಿ ಬಂದ ಅಪ್ಪ ಒರಳಿನ ಮುಂದೆ ಕೂತಿದ್ದ. ಊಟವಾದ ಮೇಲೆ ಮಗು ಅಳಲು ಶುರುಮಾಡಿತು. ನಾಗವೇಣಿ ಹಿತ್ತಲಿನಾಚೆಯ ಸೈಟಿಗೆ ಓಡಿ ಪರಂಗಿ ಎಲೆಯೊಂದನ್ನು ಕಿತ್ತು, ಎಲೆ ಎಸೆದು, ಉದ್ದನೆಯ ದಂಟನ್ನು ಮಾತ್ರ ತಂದಳು. ಬಟ್ಟೆ ಸೋಪು ಕರಗಿಸಿದ ನೀರಿನಲ್ಲಿ ಅದ್ದಿ ಊದಿದಳು. ವರಾಂಡದ ತುಂಬ ಗುಳ್ಳೆ ಹಾರಿದವು. ಮಗು ಅಳು ನಿಲ್ಲಿಸಿತು. ಅಪ್ಪನ ಕೈಯ ಉಪಕರಣವೂ ನಿಂತಿತು.

"ಏನದು ಮಗು, ತೋರ್ಸು?"

"ಪಪ್ಪಾಯಿ ದಂಟ್ರಿ. ಒಳಗ ಪೊಳ್ಳು ಇರ್ತದ."

ಅಪ್ಪ ಆ ದಂಟಿನ ಒಂದು ತುದಿಗೆ ಕಣ್ಣಿಟ್ಟು ಇನ್ನೊಂದು ತುದಿಯಿಂದ ನನ್ನನ್ನು ನೋಡಿದ. ಎಲ್ಲರಿಗೂ ಒಟ್ಟಿಗೇ ಅರ್ಥವಾಗಿತ್ತು. ಅಮ್ಮ ಒಳಗೆ ಓಡಿ ಚಪಾತಿಗೆ ಕಲಸಿಟ್ಟ ಹಿಟ್ಟು ತಂದು ದಂಟಿನ ಕೆಳತುದಿ ಮುಚ್ಚಿದಳು. ಅಪ್ಪ ಪ್ಲಾಸ್ಟರು ಕಲಸಿದ. ಈ ಸಲ ನೀರು ಜಾಸ್ತಿ.

"ಲ್ಯಾಬಲ್ಲಿ ಇಷ್ಟು ನೀರು ಹಾಕಿದ್ರೆ ಕೆಲಸದಿಂದ ತೆಗೀತಾರೆ. ಹಲ್ಲು ಗಟ್ಟಿ ಇರಬೇಕು. ಇದು ಸವೀಬೇಕು."

ಹುಯ್ದೆವು, ಕಾದೆವು. ಅಪ್ಪ ದಂಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನಿಂದ ತಣ್ಣನೆಯ, ನುಣುಪಾದ, ಬೆಳ್ಳನೆಯ ಕಡ್ಡಿಯೊಂದು ಅವನ ಅಂಗೈಗೆ ಜಾರಿತು. ಆಗತಾನೇ ಹುಟ್ಟಿದ ಕರುವಿನ ಹಾಗೆ ಒದ್ದೆಯಾಗಿತ್ತು. ಬಿಸಿಲಿಗೆ ಒಣಗಿಸಿ ಸಂಜೆ ಬರೆದರೆ ಗೀರಲಿಲ್ಲ, ಮುರಿಯಲಿಲ್ಲ. ನಾಗವೇಣಿ ಅದನ್ನು ಮೂಸಿ ನೋಡಿ ನಕ್ಕಳು. ನಾನೂ ಮೂಸಿದೆ. ಹಸಿ ಗಿಡದ ವಾಸನೆ ಬರುವ ಸೀಮೆಸುಣ್ಣ ಪ್ರಪಂಚದಲ್ಲಿ ನಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ!

ಅಲ್ಲಿಂದ ಮುಂದೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಹಾಲಿನ ಗೋಡೆಗೆ ದಂಟುಗಳು ಸಾಲಾಗಿ ಒರಗಿ ನಿಂತವು. ಊಟಕ್ಕೆ ಕೂರಲು ಜಾಗವಿಲ್ಲದೆ ಅಡುಗೆಮನೆಯಲ್ಲೇ ತಟ್ಟೆ ಹಿಡಿದು ನಿಂತು ತಿಂದೆವು. ಅನ್ನದಲ್ಲಿ ಪ್ಲಾಸ್ಟರು, ಹಾಸಿಗೆಯಲ್ಲಿ ಪ್ಲಾಸ್ಟರು, ನನ್ನ ಜಡೆಯಲ್ಲಿ ಪ್ಲಾಸ್ಟರು. ಪರಂಗಿ ಗಿಡಗಳೆಲ್ಲ ಬೋಳಾಗುತ್ತ ಬಂದಾಗ ನಾನು ಬೀದಿ ಬೀದಿ ಸುತ್ತಿ, "ಆಂಟಿ, ನಿಮ್ಮ ಗಿಡದ ಹಳೇ ಎಲೆ ಕಿತ್ಕೊಳ್ಳಲಾ?" ಅಂತ ಕೇಳಿ ತಂದೆ. ಅಪ್ಪನ ಉತ್ಸಾಹ ಬಿಳಿಯಲ್ಲಿ ನಿಲ್ಲಲಿಲ್ಲ. ಬಟ್ಟೆಗೆ ಹಾಕುವ ನೀಲಿ ಬೆರೆಸಿದ, ಆಕಾಶದ ಬಣ್ಣ ಬಂತು. ಅರಿಶಿನ ಹಾಕಿದ, ಚೆಂಡುಹೂವಿನ ಬಣ್ಣ ಬಂತು. ಎರಡನ್ನೂ ಸೇರಿಸಿದ, ಹಸಿರು! ಕೆಂಪಿಗೆ ಕುಂಕುಮದ ಬಟ್ಟಲಿಗೆ ಕೈ ಹಾಕಿದಾಗ ರೂಮಿನಿಂದ ತೊದಲು ದನಿಯೊಂದು ಬಂತು. ಎಷ್ಟೋ ದಿನಗಳ ಮೇಲೆ ಅಜ್ಜಿ ಬಾಯಿ ತೆಗೆದಿದ್ದಳು, ಹಲ್ಲಿಲ್ಲದ್ದರಿಂದ ಏನು ಹೇಳಿದಳೆಂದು ಯಾರಿಗೂ ತಿಳಿಯಲಿಲ್ಲ. ಅವಳು ಕಿಟಕಿಗೆ ಬಂದು ಲೋಟದಿಂದ ಸೆಟ್ಟು ತೆಗೆದು ಬಾಯಿಗೆ ಹಾಕಿಕೊಂಡು ಇನ್ನೊಂದು ಸಲ ಹೇಳಿದಳು.

"ಕುಂಕುಮ ಕಾಲ್ಕೆಳಗೆ ಬೀಳುತ್ತೆ ಕಣೋ, ದಡ್ಡ. ರಂಗೋಲಿಗೆ ಇಟ್ಟಿರೋ ಕೆಮ್ಮಣ್ಣು ತಗೋ."

ಬಿಳಿ ಕಡ್ಡಿ, ಬಣ್ಣದ ಕಡ್ಡಿಗಳನ್ನು ಒಂದು ಬಿಸ್ಕತ್ತಿನ ಡಬ್ಬದ ತುಂಬ ಜೋಡಿಸಿಕೊಂಡು ಅದರ ಮುಂದಿನ ವಾರದ ಸೋಮವಾರ ಅಮ್ಮ ಶಾಲೆಗೆ ಹೊರಟಳು. ನಾನು ದಾರಿಯುದ್ದಕ್ಕೂ ಓಡುತ್ತಿದ್ದೆ, ಮತ್ತೆ ಹಿಂದೆ ಬಂದು ಅವಳ ಕೈ ಎಳೆಯುತ್ತಿದ್ದೆ. ಪ್ರಾರ್ಥನೆ ಮುಗಿಯಿತು. ಅಮ್ಮ ಡಬ್ಬ ತೆರೆದಾಗ ಉಳಿದಿದ್ದ ಅಷ್ಟೂ ಮಕ್ಕಳು 'ಹೋ' ಎಂದರು. ಅವಳು ಹಸಿರು ಕಡ್ಡಿಯಿಂದ ಬೋರ್ಡಿನ ಮೇಲೆ ಒಂದು ಮರ ಬರೆದಳು, ಹಳದಿಯಲ್ಲಿ ಸೂರ್ಯ ಬರೆದಳು. ಕೆಂಪಿನಲ್ಲಿ ಮನೆ. ಬರೆದು ಹಿಂದೆ ಸರಿದು ನಿಂತಳು.

ಏನೂ ಕಾಣುತ್ತಿರಲಿಲ್ಲ. ಬೂದಿ ಬಣ್ಣದ ಗೋಡೆ, ಅದರ ಮೇಲೆ ಬೂದಿಯಂಥದೇ ಮಾಸಲು ಗೆರೆಗಳು. ಕಿಟಕಿಯ ಬೆಳಕು ಬಿದ್ದ ಕಡೆ ಅದೂ ಇಲ್ಲ. ಹಿಂದಿನ ಸಾಲಿನವನೊಬ್ಬ, "ಎಲ್ಲೈತೆ ಟೀಚರ್?" ಅಂದ. ಇಟ್ಟಿಗೆ ಚೂರಿನಲ್ಲಿ ಗೀಚಿ ಗೀಚಿ ಗೋಡೆಯಲ್ಲಿ ಉಳಿದಿದ್ದ ಕಪ್ಪೂ ಹೋಗಿತ್ತು, ಬಿಳಿ ಕಡ್ಡಿಯೂ ಕಾಣಲಿಲ್ಲ. ಅಮ್ಮ ಇನ್ನೂ ಜೋರಾಗಿ ಒತ್ತಿ ಬರೆದಳು, ಸಿಮೆಂಟು ಪುಡಿಯಾಗಿ ಉದುರಿತು. ಇಷ್ಟೆಲ್ಲ ಮಾಡಿಯೂ! ಸೀಮೆಸುಣ್ಣ ಮಾಡಬಹುದು, ಗೋಡೆ ಮಾಡಲು ಆಗುತ್ತದೆಯೇ? ಅಮ್ಮ ಡಬ್ಬದ ಮುಚ್ಚಳ ಮುಚ್ಚಿ ಮಗ್ಗಿ ಹೇಳಿಸಿದಳು. ಅವಳ ದನಿ ಅವತ್ತು ಪಕ್ಕದ ಕ್ಲಾಸಿನವರ ದನಿಯ ಕೆಳಗೆ ಹೂತುಹೋಯಿತು.

ಸಂಜೆ ಮನೆಗೆ ಬರುವ ದಾರಿಯಲ್ಲಿ ನಾವು ಹೊಸ ರಸ್ತೆಯನ್ನು ದಾಟಬೇಕಿತ್ತು. ಊರಿನ ಸುತ್ತ ಹೋಗುವ ದೊಡ್ಡ ರಸ್ತೆಯೊಂದನ್ನು ಆಗ ನಮ್ಮ ಕಡೆ ಹಾಕುತ್ತಿದ್ದರು. ಒಂದು ತುಂಡು ಪೂರ್ತಿಯಾಗಿತ್ತು, ವಾಹನಗಳಿಗೆ ಇನ್ನೂ ಬಿಟ್ಟಿರಲಿಲ್ಲ. ಎರಡೂ ತುದಿಗೆ ಟಾರಿನ ಡ್ರಮ್ಮುಗಳನ್ನೂ ಕಲ್ಲುಗಳನ್ನೂ ಅಡ್ಡ ಇಟ್ಟಿದ್ದರು. ಅಮ್ಮ ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದಳು. ನನಗೆ ಡಬ್ಬ ಹಿಡಿದುಕೊಳ್ಳಲು ಕೊಟ್ಟಿದ್ದಳು. ನಾನು ರಸ್ತೆಯ ನಡುವೆ ನಿಂತು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಕಣ್ಣು ಹಾಯುವ ತನಕ ಕಪ್ಪು. ಹೊಸ ಕಪ್ಪು. ಕೂತು, ಡಬ್ಬದಿಂದ ಹಳದಿ ಕಡ್ಡಿ ತೆಗೆದು ಒಂದು ಗೆರೆ ಎಳೆದೆ.

ಆ ಗೆರೆ ಉರಿಯಿತು! ಬೇರೆ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ. ಸಂಜೆ ಬಿಸಿಲಿನಲ್ಲಿ ಟಾರಿನ ಮೇಲೆ ಹಳದಿ ಗೆರೆ ಬೆಂಕಿಯ ಹಾಗೆ ಉರಿಯಿತು. ನಾನು ಕೂಗಿದೆನಂತೆ, ಏನು ಕೂಗಿದೆನೋ ನೆನಪಿಲ್ಲ. ಅಮ್ಮ ಹಾವು ಕಂಡೆನೇನೋ ಎಂದು ಓಡಿ ಬಂದಳು. ಬಂದವಳು ಗೆರೆ ನೋಡಿದಳು. ಸೀರೆ ಎತ್ತಿಕಟ್ಟಿ, ಅಲ್ಲೇ ಮಂಡಿಯೂರಿ, ನನ್ನ ಗೆರೆಯ ಪಕ್ಕದಲ್ಲಿ ನಾನು ಮಲಗಿದಷ್ಟು ಉದ್ದದ ಒಂದು 'ಅ' ಬರೆದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರುಮಾಡಿದೆವು. ರಸ್ತೆ ಕೆಲಸದ ಹೆಂಗಸರು ಬಾಂಡಲಿ ಕೆಳಗಿಟ್ಟು ನಮ್ಮನ್ನೇ ನೋಡಿದರು. ಈಗಲೂ ಹೊಸದಾಗಿ ಟಾರು ಹಾಕಿದ ರಸ್ತೆ ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ.

ಹೆಡ್‌ಮಾಸ್ಟರನ್ನು ಒಪ್ಪಿಸುವುದು ಸುಲಭವಿರಲಿಲ್ಲ.

"ರೋಡಿಗಾ? ಮಕ್ಕಳನ್ನಾ? ಬೇಡಿ ಮೇಡಂ, ಯಾರಾದ್ರೂ ನೋಡಿದ್ರೆ?"

"ಶನಿವಾರ ಡ್ರಿಲ್ ಹೊರಗಡೇನೇ ಮಾಡೋದಲ್ವಾ ಸಾರ್? ವಾಹನ ಒಂದೂ ಬರಲ್ಲ. ಎರಡು ಕಡೆನೂ ಡ್ರಮ್ಮಿಟ್ಟಿದ್ದಾರೆ."

"ಡ್ರಿಲ್ ಅಂದ್ರೆ ಡ್ರಿಲ್ ಅಷ್ಟೇ ಆಗಬೇಕು."

"ಕೂತು ಎದ್ದು ಕೂತು ಎದ್ದು ಬರೀತಾರೆ ಸಾರ್. ಅದಕ್ಕಿಂತ ಡ್ರಿಲ್ ಬೇಕಾ?"

ಶನಿವಾರ ಬೆಳಿಗ್ಗೆ ನಾವು ಸಾಲಾಗಿ ಹೊರಟೆವು, ಸಾಲಿನ ಕೊನೆಯಲ್ಲಿ ಹೆಡ್‌ಮಾಸ್ಟರು ಸುತ್ತಮುತ್ತ ನೋಡುತ್ತ ಬಂದರು. ಅಪ್ಪ ಲ್ಯಾಬಿಗೆ ರಜೆ ಹಾಕಿ ಬಕೆಟ್ಟಿನಲ್ಲಿ ಕಡ್ಡಿ ತಂದ. ಅಜ್ಜಿ ಛತ್ರಿ ಹಿಡಿದು, "ಯಾರಾದ್ರೂ ದೊಡ್ಡೋರು ಜೊತೇಲಿರಬೇಕು" ಎಂದು ಬಂದಳು. ಅಮ್ಮ ಕಟ್ಟಡಗಳ ಮುಂದೆ ಹಾದುಹೋಗುವಾಗ ಒಂದೊಂದು ಹೆಸರು ಕರೆದಳು. ಮರಳಿನ ಗುಡ್ಡೆಗಳ ಹಿಂದಿನಿಂದ ಮಕ್ಕಳು ಎದ್ದು ಬಂದರು. ನಾಗವೇಣಿ ತಮ್ಮನನ್ನು ಸೊಂಟದ ಮೇಲೇ ಹೊತ್ತು ಬಂದಳು.

ಎಳೆಯ ಬಿಸಿಲು, ಟಾರು ಇನ್ನೂ ತಂಪಾಗಿತ್ತು. ಅಮ್ಮ ಕಡ್ಡಿ ಹಂಚಿದಳು, ಎಲ್ಲರಿಗೂ. ಅದುವರೆಗೆ ಸೀಮೆಸುಣ್ಣ ಟೀಚರ ಕೈಯಲ್ಲಿರುವ ವಸ್ತು, ನಮ್ಮದಲ್ಲ. ಕೆಲವು ಮಕ್ಕಳು ಅದನ್ನು ಹಿಡಿದು ಸುಮ್ಮನೆ ನಿಂತಿದ್ದರು, ಬರೆದರೆ ಸವೆದುಹೋಗುತ್ತದೆ ಎಂದು. "ಸವೀಲಿ, ಇನ್ನೂ ಇದೆ!" ಎಂದು ಅಪ್ಪ ಬಕೆಟ್ಟು ಎತ್ತಿ ತೋರಿಸಿದ. ಅಷ್ಟೇ ಸಾಕಾಯಿತು! ರಸ್ತೆಯ ಮೇಲೆ ಮಳೆ ಬಿದ್ದ ಹಾಗೆ ಮಕ್ಕಳು ಬಿದ್ದರು. ಒಂದು ಕಡೆ ಮಗ್ಗಿ ಏಣಿಯ ಹಾಗೆ ಏರಿಹೋಯಿತು. ಒಂದು ಕಡೆ ಕರ್ನಾಟಕದ ಭೂಪಟ, ಅದರೊಳಗೆ ಒಬ್ಬ ಹುಡುಗ ಮಲಗಿ, "ನಾನು ರಾಯಚೂರು!" ಅಂತ ಕೂಗುತ್ತಿದ್ದ. ನವಿಲು, ಬಸ್ಸು, ಕಾವೇರಿ ನದಿ. ನಾಗವೇಣಿ ಒಂದು ಕೈಯಲ್ಲಿ ಮಗುವನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಅಕ್ಷರಮಾಲೆ ಶುರುಮಾಡಿದ್ದಳು. ಒಂದೊಂದು ಅಕ್ಷರವೂ ಅವಳಷ್ಟೇ ಎತ್ತರ. ಮಗು ಜಾರುತ್ತಿತ್ತು, ಎಳೆದುಕೊಂಡು ಮತ್ತೆ ಬರೆಯುತ್ತಿದ್ದಳು. ಕಟ್ಟಡಗಳ ಮೇಲಿನ ಕೆಲಸ ನಿಂತಿತ್ತು. ಗಾರೆಯವರು ಕಟ್ಟಿದ ಸಾರುವೆಯ ಮೇಲೆ, ಇಟ್ಟಿಗೆ ರಾಶಿಯ ಮೇಲೆ ಜನ ನಿಂತು ನೋಡುತ್ತಿದ್ದರು. ಅವಳಪ್ಪ ಕೆಳಗಿಳಿದು ಬಂದ. ಮಗಳು ಬರೆದ ಅಕ್ಷರಗಳ ಪಕ್ಕದಲ್ಲೇ, ಒಂದನ್ನೂ ತುಳಿಯದೆ, ಮೆಲ್ಲಗೆ ಅವಳ ಹಿಂದೆ ನಡೆದ. ಹತ್ತಿರ ಹೋಗಿ ಅವಳ ಸೊಂಟದಿಂದ ಮಗುವನ್ನು ತೆಗೆದುಕೊಂಡ.

"ಕೂಸು ನನ್ನ ಕಡಿ ಇರ್ಲಿ. ನೀ ಬರಿ."

ಆಗಲೇ ಜೀಪು ಬಂತು. ಸರ್ಕಾರಿ ಜೀಪೆಂದು ರಸ್ತೆ ಕೆಲಸದವರು ಡ್ರಮ್ಮು ಸರಿಸಿ ಒಳಗೆ ಬಿಟ್ಟಿದ್ದರು. ಮಕ್ಕಳು ಏಳಲಿಲ್ಲ, ಜೀಪು ದೂರದಲ್ಲೇ ನಿಲ್ಲಬೇಕಾಯಿತು. ಸಫಾರಿ ತೊಟ್ಟ, ದಪ್ಪ ಕನ್ನಡಕದ ಒಬ್ಬರು ಇಳಿದು ದಾಪುಗಾಲು ಹಾಕಿಕೊಂಡು ಬಂದರು. ಹೆಡ್‌ಮಾಸ್ಟರ ಮುಖ ನಮ್ಮ ಪ್ಲಾಸ್ಟರಿಗಿಂತ ಬೆಳ್ಳಗಾಯಿತು. ಇನ್ಸ್‌ಪೆಕ್ಟರ್ ಸಾಹೇಬರು!

"ಏನ್ರೀ ಇದು? ಯಾವ ಶಾಲೆ? ಮಕ್ಕಳನ್ನ ರೋಡಲ್ಲಿ ಕೂರಿಸಿದ್ದೀರಲ್ಲ, ಬುದ್ಧಿ ಇದೆಯಾ? ಯಾರು ಪರ್ಮಿಷನ್ ಕೊಟ್ಟಿದ್ದು?"

ಅಮ್ಮ ಎದ್ದು ಕೈಯ ಪುಡಿ ಒರೆಸಿಕೊಂಡಳು. ಹಿಂದಿನಿಂದ ಸಣ್ಣ ದನಿಯೊಂದು ಬಂತು.

"ನಾನೇ ಕೊಟ್ಟಿದ್ದು ಸಾರ್."

ಹೆಡ್‌ಮಾಸ್ಟರು! ಅಷ್ಟು ಹೇಳಿ ಅವರೇ ಬೆರಗಾದ ಹಾಗೆ ಸುತ್ತ ನೋಡಿದರು. ಸಾಹೇಬರು ಅವರ ಕಡೆ ಒಂದು ಹೆಜ್ಜೆ ಇಟ್ಟರು. ಆಗ ನಾಗವೇಣಿ ಬಗ್ಗಿದ್ದಲ್ಲಿಂದಲೇ ತಲೆ ಎತ್ತಿದಳು.

"ಸಾಹೇಬ್ರ, ನೀವು ಅಕ್ಷರದ ಮ್ಯಾಲ ನಿಂತೀರ್ರಿ. ಕಾಲ ತಗೀರಿ."

ಸಾಹೇಬರು ಕೆಳಗೆ ನೋಡಿದರು. ಅವರ ಬೂಟು ಕೆಂಪು 'ಳ'ದ ಹೊಟ್ಟೆಯ ಮೇಲಿತ್ತು. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎತ್ತಿ ಅವರು ಪಕ್ಕಕ್ಕೆ ಸರಿದರು. ಅಲ್ಲಿಂದ ಹಿಂದಕ್ಕೆ, 'ಅ' ತನಕ, ರಸ್ತೆಯುದ್ದಕ್ಕೂ ಒಂದು ಸಲ ಕಣ್ಣು ಹಾಯಿಸಿದರು. ಸಿಟ್ಟು ಇಳಿಯಿತೆಂದು ಹೇಳಲಾರೆ, ಆದರೆ ಅವರು ಮುಂದೆ ಕೇಳಿದ ಪ್ರಶ್ನೆಯ ದನಿ ಬೇರೆಯಿತ್ತು.

"ಇದನ್ನೆಲ್ಲ ಶಾಲೇಲಿ ಯಾಕೆ ಮಾಡಲ್ಲ ನೀವು?"

ಅಮ್ಮ ಶಾಲೆಯ ಕಡೆ ಕೈ ತೋರಿಸಿದಳು. "ಬನ್ನಿ ಸಾರ್, ತೋರಿಸ್ತೀನಿ."

ಶಾಲೆಯಲ್ಲಿ ಅವಳು ಏನನ್ನೂ ವಿವರಿಸಲಿಲ್ಲ. ಒಂದು ನೀಲಿ ಕಡ್ಡಿಯನ್ನು ಅವರ ಕೈಗೆ ಕೊಟ್ಟು, "ನಿಮ್ಮ ಹೆಸರು ಬರೀರಿ ಸಾರ್" ಅಂದಳು. ಅವರು ಬರೆದರು. ಹಿಂದೆ ಸರಿದು ಓದಲು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕಿಟಕಿಗಳಲ್ಲಿ ನಾವೆಲ್ಲ ಮುಖ ಒತ್ತಿಕೊಂಡು ನಿಂತಿದ್ದೆವು. ಅವರು ಖಾಲಿ ಬೀರು ನೋಡಿದರು, ಸ್ಲೇಟಿಲ್ಲದ ಮಕ್ಕಳ ಕೈ ನೋಡಿದರು. ನೀಲಿ ಕಡ್ಡಿಯನ್ನು ಎಲ್ಲಿಂದ ತಂದಿರಿ ಎಂದು ಕೇಳಿದರು. ಅಪ್ಪ ಹೇಳಿದಾಗ ನಂಬದೆ ಮೂಸಿ ನೋಡಿದರು, ಅದನ್ನು ಜೇಬಿಗೆ ಹಾಕಿಕೊಂಡು ಜೀಪು ಹತ್ತಿದರು.

ಆಮೇಲೆ ಕಾಯುವ ದಿನಗಳು. ಮೊದಲು ಬಂದದ್ದು ಅಮ್ಮನಿಗೂ ಹೆಡ್‌ಮಾಸ್ಟರಿಗೂ ತಲಾ ಒಂದು ಮೆಮೊ. ಮಕ್ಕಳನ್ನು ಅನುಮತಿಯಿಲ್ಲದೆ ರಸ್ತೆಗೆ ಕರೆದೊಯ್ದದ್ದಕ್ಕೆ. ಅಮ್ಮ ಅದನ್ನು ಹಾಲಿನಲ್ಲಿ ಕೂತು ಓದಿದಳು.

"ಮೆಮೊ ಅಂದ್ರೆ ಏನೇ?" ಅಜ್ಜಿ ಕೇಳಿದಳು.

"ತಪ್ಪು ಮಾಡಿದ್ದೀರಿ ಅಂತ ಬರೆದು ಕೊಡೋದು ಅತ್ತೆ."

"ಹಂಗಾದ್ರೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕು. ಇಷ್ಟು ಒಳ್ಳೇ ತಪ್ಪು ಈ ಮನೇಲಿ ಯಾರು ಮಾಡಿದ್ದಾರೆ?"

ಅಮ್ಮ ನಕ್ಕುನಕ್ಕು ಕಣ್ಣೊರೆಸಿಕೊಂಡಳು. ಬೇಸಿಗೆ ರಜೆಗೆ ಮುಂಚೆ ಲಾರಿಯೊಂದು ಶಾಲೆಯ ಮುಂದೆ ನಿಂತಿತು. ನಿಜವಾದ ಬೋರ್ಡುಗಳು, ಸೀಮೆಸುಣ್ಣದ ಡಬ್ಬಗಳು, ಸ್ಲೇಟಿನ ಕಟ್ಟು, ಬಳಪ, ಗೋಡೆಗೆ ತೂಗುಹಾಕುವ ಒಂದು ಭೂಪಟ. ಅದರ ಜೊತೆಗೆ ಒಂದು ಸಾಲಿನ ಪತ್ರ: ಈ ಶಾಲೆಯನ್ನು ಸದ್ಯಕ್ಕೆ ಬೇರೆ ಶಾಲೆಗೆ ಸೇರಿಸುವುದಿಲ್ಲ. ಆ 'ಸದ್ಯಕ್ಕೆ' ಎಂಬ ಪದ ಹೆಡ್‌ಮಾಸ್ಟರಿಗೆ ಹೆದರಿಕೆ ಹುಟ್ಟಿಸಿತು. ನಮಗಂತೂ ಅದು ಹಬ್ಬದಂತೆ ಕೇಳಿಸಿತು.

ಜೂನ್ ತಿಂಗಳು ಶಾಲೆ ತೆರೆದ ದಿನ ಅಮ್ಮ, ನಾನು ಬೇಗ ಹೋದೆವು. ದೂರದಿಂದಲೇ ಗೇಟಿನ ಹತ್ತಿರ ಗುಂಪು ಕಾಣಿಸಿತು. ನಮಗೆ ಗೊತ್ತಿಲ್ಲದ ಮುಖಗಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ ಮಕ್ಕಳು, ಅವರ ಕೈ ಹಿಡಿದ ತಾಯಂದಿರು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಾಂಡಲಿ ಸಮೇತ ಬಂದವರು. ಹೊಸದಾಗಿ ಊರಿಂದ ಬಂದಿಳಿದ ಹೆಂಗಸೊಬ್ಬಳು ಸಣ್ಣ ಹುಡುಗಿಯನ್ನು ಮುಂದಕ್ಕೆ ತಳ್ಳಿ ಅಮ್ಮನನ್ನು ಕೇಳಿದಳು:

"ಅಕ್ಕಾರ, ಮಕ್ಕಳ ಕೈಯಾಗೂ ಸುಣ್ಣದ ಕಡ್ಡಿ ಕೊಡ್ತಾರಂತಲ್ರಿ, ಆ ಸಾಲಿ ಇದೇ ಏನ್ರಿ?"

ಅಮ್ಮ ಆ ಹುಡುಗಿಯ ಮುಂದೆ ಕೂತು, ಅವಳ ಅಂಗೈಯನ್ನು ಬಿಡಿಸಿ ನೋಡಿದಳು, ಎಷ್ಟು ದಪ್ಪದ ಕಡ್ಡಿ ಹಿಡಿದೀತು ಎಂದು ಅಳೆಯುವವಳ ಹಾಗೆ.

"ಇದೇ," ಅಂದಳು. "ಒಳಗೆ ಬಾ."